ವಿದೇಶಕ್ಕೆ ಹೊರಟ ಕೊಡಗಿನ ನರ್ಸುಗಳಿಗೆ: ಅರ್ಹತೆ, ನೋಂದಣಿ, ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಕಡೆಯ ನರ್ಸುಗಳೂ ಅವರ ಮನೆಯವರೂ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಶುಲ್ಕ ಮತ್ತು ಅಂಕದ ನಿಯಮಗಳು ಆಗಾಗ ಬದಲಾಗುತ್ತವೆ. ಹಣ ಕಟ್ಟುವ ದಿನ ಆಯಾ ದೇಶದ ನರ್ಸಿಂಗ್ ಮಂಡಳಿಯ ಜಾಲತಾಣವನ್ನು ನೀವೇ ತೆರೆದು ಇನ್ನೊಮ್ಮೆ ನೋಡಿಕೊಳ್ಳಿ.

ವಿದೇಶಕ್ಕೆ ಹೋಗಬೇಕೆಂದಿದ್ದೇನೆ. ಮೊದಲು ಯಾರನ್ನು ಕಾಣಬೇಕು?

ಏಜೆಂಟನ್ನಲ್ಲ. ಮೊದಲು ನಿಮ್ಮ ಕಡತವನ್ನೇ ಬಿಚ್ಚಿ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ನರ್ಸಿಂಗ್‌ನ ಎಲ್ಲ ವರ್ಷಗಳ ಅಂಕಪಟ್ಟಿ, ಡಿಪ್ಲೊಮಾ ಅಥವಾ ಪದವಿ ಪ್ರಮಾಣಪತ್ರ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ಪಾಸ್‌ಪೋರ್ಟ್, ಆಧಾರ್, ಅನುಭವ ಪತ್ರಗಳು. ಇವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಈ ಮೂರನ್ನು ಅಕ್ಷರ ಅಕ್ಷರ ಹೋಲಿಸಿ. ಒಂದೇ ಒಂದು ಕಡೆ ವ್ಯತ್ಯಾಸ ಇದ್ದರೂ ಅದನ್ನು ಸರಿಪಡಿಸುವುದೇ ನಿಮ್ಮ ಮೊದಲ ಕೆಲಸ. ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವರೂ ಹೆಸರಿನ ಗೊಂದಲದಿಂದ ಆರೆಂಟು ತಿಂಗಳು ಕಳೆದುಕೊಳ್ಳುತ್ತಾರೆ. ಅಷ್ಟರಲ್ಲಿ ಆ ಅಂಕದ 2 ವರ್ಷದ ಅವಧಿ ಸವೆಯುತ್ತಲೇ ಇರುತ್ತದೆ.

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದವರಿಗೆ ಅವಕಾಶ ಇದೆಯೇ? ಎಎನ್‌ಎಂ (ಸಹಾಯಕ ನರ್ಸ್ ತರಬೇತಿ) ಓದಿದವರಿಗೆ?

ಜಿಎನ್‌ಎಂ ಮಾಡಿ ಕೌನ್ಸಿಲ್‌ನಲ್ಲಿ ನೋಂದಣಿಯಾಗಿದ್ದರೆ ಬ್ರಿಟನ್, ಜರ್ಮನಿ, ಕೊಲ್ಲಿ ದೇಶಗಳಿಗೆಲ್ಲ ಅರ್ಜಿ ಹಾಕಬಹುದು. ಸೌದಿಯಲ್ಲಿ ಮಾತ್ರ ದರ್ಜೆ ಬೇರೆಯಾಗುತ್ತದೆ. ಬಿ.ಎಸ್ಸಿ. ಆದವರನ್ನು ‘ಸ್ಪೆಷಲಿಸ್ಟ್’ ಎಂದೂ ಡಿಪ್ಲೊಮಾದವರನ್ನು ‘ಟೆಕ್ನಿಷಿಯನ್’ ಎಂದೂ ವರ್ಗೀಕರಿಸುತ್ತಾರೆ. ಸಂಬಳವೂ ಅದಕ್ಕೆ ತಕ್ಕಂತೆ. ಆಸ್ಟ್ರೇಲಿಯಾ, ಅಮೆರಿಕ ಮನಸ್ಸಿನಲ್ಲಿದ್ದರೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಳ್ಳುವುದು ಜಾಣತನ.

ಎಎನ್‌ಎಂ ಮೇಲೆ ಈ ಯಾವ ದೇಶವೂ ‘ರಿಜಿಸ್ಟರ್ಡ್ ನರ್ಸ್’ ಎಂದು ಒಪ್ಪುವುದಿಲ್ಲ. ಎಎನ್‌ಎಂ ಆದವರಿಗೆ ‘ಸ್ಟಾಫ್ ನರ್ಸ್ ವೀಸಾ’ ಕೊಡಿಸುತ್ತೇನೆ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಎಎನ್‌ಎಂ ಅಥವಾ ಪಿಯುಸಿ ಆದವರಿಗೆ ನ್ಯಾಯವಾದ ದಾರಿ ಎಂದರೆ ಜರ್ಮನಿಯ ‘ಆಸ್‌ಬಿಲ್ಡುಂಗ್’. 3 ವರ್ಷ ಅಲ್ಲಿಯೇ ನರ್ಸಿಂಗ್ ಕಲಿಯುವುದು, ಕಲಿಯುತ್ತಲೇ ಸಂಬಳ ಪಡೆಯುವುದು. ಸರ್ಕಾರಿ ವೇತನ ಒಪ್ಪಂದವಿರುವ ಆಸ್ಪತ್ರೆಗಳಲ್ಲಿ ಮೊದಲ ವರ್ಷದಲ್ಲೇ ತಿಂಗಳಿಗೆ 1,300 ಯೂರೊಗೂ ಹೆಚ್ಚು ಸಿಗುತ್ತದೆ. ಆದರೆ ಹೊರಡುವ ಮೊದಲು ಜರ್ಮನ್ ಭಾಷೆ ಬಿ1 ಇಲ್ಲವೇ ಬಿ2 (ಮಧ್ಯಮ) ಮಟ್ಟಕ್ಕೆ ಬಂದಿರಬೇಕು.

ನನ್ನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇದೆ. ಏನು ಮಾಡಲಿ?

ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ದೊಡ್ಡ ತೊಡಕಿಲ್ಲ. ಕೊಡವರಲ್ಲಿ ಮನೆಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅರೆಭಾಷೆ ಗೌಡರಲ್ಲೂ ಮನೆಹೆಸರಿನ ಬಳಕೆ ಇದೆ. ಶಾಲೆಗೆ ಸೇರಿಸುವಾಗ ಮನೆಹೆಸರು, ತಂದೆಯ ಹೆಸರು ಎರಡೂ ಮೊದಲಕ್ಷರಗಳಾಗಿ ‘ಮುತ್ತಮ್ಮ ಕೆ.ಬಿ.’ ಎಂದಾಗಿರುತ್ತದೆ. ನರ್ಸಿಂಗ್ ಕಾಲೇಜಿನಲ್ಲಿ ‘ಕೆ.ಬಿ. ಮುತ್ತಮ್ಮ’. ಆಧಾರ್‌ನಲ್ಲಿ ಮನೆಹೆಸರು ಪೂರ್ತಿ. ಮದುವೆಯಾದ ಮೇಲೆ ಗಂಡನ ಒಕ್ಕದ (ಮನೆತನದ) ಮನೆಹೆಸರು ಬಂದು ಮೊದಲಕ್ಷರಗಳೇ ಬದಲು. ಊರಿನಲ್ಲಿ ಇದು ಯಾರಿಗೂ ಗೊಂದಲವಲ್ಲ. ಆದರೆ ಲಂಡನ್‌ನಲ್ಲೋ ದೋಹಾದಲ್ಲೋ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಇವರು ನಾಲ್ಕು ಬೇರೆ ಬೇರೆ ಮನುಷ್ಯರು.

ಸರಿಪಡಿಸುವ ಕ್ರಮ ಹೀಗಿರಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಬುಡ ಎಂದುಕೊಳ್ಳಿ, ಏಕೆಂದರೆ ಅದನ್ನು ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸಿ. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವಾಗ ‘ಗಿವನ್ ನೇಮ್’, ‘ಸರ್‌ನೇಮ್’ ಎರಡೂ ಸಾಲು ತುಂಬಿಸಿ. ಸರ್‌ನೇಮ್ ಖಾಲಿ ಬಿಟ್ಟ ಪಾಸ್‌ಪೋರ್ಟ್ ಮುಂದೆ ಪರೀಕ್ಷೆ ನೋಂದಣಿಯಲ್ಲೂ ವೀಸಾದಲ್ಲೂ ಕಾಡುತ್ತದೆ. ಸರ್‌ನೇಮ್‌ಗೆ ಮನೆಹೆಸರು ಹಾಕಬಹುದು. ಮೊದಲಕ್ಷರಗಳನ್ನು ಬಿಡಿಸಿ ಪೂರ್ತಿ ಬರೆಸುವುದು ಹೊಸ ಹೆಸರು ಇಟ್ಟುಕೊಂಡಷ್ಟು ತೊಡಕಿನ ಕೆಲಸವಲ್ಲ.

ಎರಡು ಹೆಸರಿನ ವ್ಯಕ್ತಿ ಒಬ್ಬರೇ ಎಂದು ಹೇಳುವ ಅಫಿಡವಿಟ್ ಒಂದನ್ನು ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಮಾಡಿಸಿಟ್ಟುಕೊಳ್ಳಿ. ಎಲ್ಲ ಕಾಗದಗಳಲ್ಲಿರುವ ಎಲ್ಲ ರೂಪಗಳೂ, ಆಯಾ ಕಾಗದದ ಸಂಖ್ಯೆಯೊಂದಿಗೆ, ಅದರಲ್ಲಿ ಬರಬೇಕು. ‘ಇತ್ಯಾದಿ’ ಎಂದು ಬರೆಸಿದರೆ ಬೆಲೆಯಿಲ್ಲ.

ಮದುವೆ ಹತ್ತಿರವಿರುವವರಿಗೆ ಒಂದು ಮಾತು: ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಿಸಲೇಬೇಕೆಂಬ ಕಾನೂನಿಲ್ಲ. ನೋಂದಣಿ ನಡೆಯುತ್ತಿರುವಾಗ ಬದಲಿಸಲೇ ಬೇಡಿ. ಗಂಡನ ಹೆಸರನ್ನು ಸಂಗಾತಿಯ ಕಾಲಂನಲ್ಲಿ ಸೇರಿಸಿದರೆ ಸಾಕು.

ಪಾಸ್‌ಪೋರ್ಟ್ ಎಲ್ಲಿ ಮಾಡಿಸುವುದು? ವಿಳಾಸ ಎಸ್ಟೇಟಿನದು.

ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರ ಅಥವಾ ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ, ನೀವಿರುವ ಕಡೆಗೆ ಯಾವುದು ಹತ್ತಿರವೋ ಅದು. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ. ತತ್ಕಾಲ್ ಆದರೆ ಇನ್ನೂ 2,000 ಸೇರುತ್ತದೆ. ಬೆಂಗಳೂರಿನ ಹಾಸ್ಟೆಲ್ ವಿಳಾಸ ಕೊಟ್ಟು ಊರಿಗೆ ಬಂದುಬಿಟ್ಟರೆ ಪೊಲೀಸ್ ಪರಿಶೀಲನೆ ಬಿದ್ದುಹೋಗುತ್ತದೆ. ಯಾವ ಮನೆಯಲ್ಲಿ ನೀವು ಕೈಗೆ ಸಿಗುತ್ತೀರೋ ಆ ವಿಳಾಸ ಕೊಡಿ. ತೋಟದ ಮನೆಯಾದರೆ ವಿಳಾಸದಲ್ಲಿ ಎಸ್ಟೇಟಿನ ಹೆಸರಿನ ಜೊತೆ ಗ್ರಾಮ, ಅಂಚೆ, ಪೊಲೀಸ್ ಠಾಣೆ ಮೂರೂ ಇರಲಿ. ವಿದೇಶದಿಂದ ಬರುವ ಕೊರಿಯರ್‌ಗೆ ಮಾತ್ರ ಪೇಟೆಯಲ್ಲಿರುವ ನೆಂಟರ ವಿಳಾಸ ಕೊಡುವುದು ಒಳ್ಳೆಯದು. ತೋಟದ ತನಕ ಬರದೆ ವಾಪಸ್ ಹೋದ ಲಕೋಟೆಯನ್ನು ಮತ್ತೆ ತರಿಸಲು ತಿಂಗಳು ಬೇಕಾಗಬಹುದು.

ಕೇರಳದಲ್ಲಿ ಓದಿದ್ದೇನೆ, ವಿರಾಜಪೇಟೆಯಲ್ಲಿ ಕೆಲಸ. ಯಾವ ಕೌನ್ಸಿಲ್‌ನ ಪತ್ರ ಬೇಕು?

ಎರಡೂ ಬೇಕು. ಬೇರೆ ರಾಜ್ಯದಲ್ಲಿ ನೋಂದಣಿಯಾದವರು ಇಲ್ಲಿ ಕೆಲಸ ಮಾಡಬೇಕಾದರೆ ಮೂಲ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರ ತಂದು ಕರ್ನಾಟಕ ಕೌನ್ಸಿಲ್‌ನಲ್ಲಿ ಪರಸ್ಪರ ನೋಂದಣಿ ಮಾಡಿಸಿಕೊಳ್ಳಬೇಕು. ಕಣ್ಣೂರು, ವಯನಾಡು ಕಡೆಯಿಂದ ಬಂದ ಅನೇಕರು ಇದನ್ನು ಮಾಡಿಸದೆ ಮೂರು ನಾಲ್ಕು ವರ್ಷ ದುಡಿದಿರುತ್ತಾರೆ. ನೋಂದಣಿ ಇಲ್ಲದ ಅವಧಿಯ ಅನುಭವವನ್ನು ವಿದೇಶದ ಮಂಡಳಿ ಪ್ರಶ್ನಿಸಿದರೆ ಉತ್ತರ ಕೊಡುವುದು ಕಷ್ಟ.

ವಿದೇಶದ ಮಂಡಳಿ ‘ಗುಡ್ ಸ್ಟ್ಯಾಂಡಿಂಗ್’ ಪತ್ರವನ್ನು (ನೋಂದಣಿ ಚಾಲ್ತಿಯಲ್ಲಿದೆ, ದೂರಿಲ್ಲ ಎಂಬ ಪತ್ರ) ನೀವು ನೋಂದಣಿಯಾದ ಪ್ರತಿಯೊಂದು ಕೌನ್ಸಿಲ್‌ನಿಂದಲೂ ಕೇಳುತ್ತದೆ, ಅದೂ ನೇರವಾಗಿ ಕೌನ್ಸಿಲ್‌ನಿಂದಲೇ ಬರಬೇಕು. ನಿಮ್ಮ ನೋಂದಣಿಯ ನವೀಕರಣ ಮುಗಿದಿದ್ದರೆ ಪತ್ರ ಹೊರಡುವುದಿಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ರಾಷ್ಟ್ರೀಯ ದಾಖಲೆಯಲ್ಲಿ ನಿಮಗೆ ಒಂದು ಎನ್‌ಯುಐಡಿ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಬಿ.ಎಸ್ಸಿ.ಯವರು ಟ್ರಾನ್‌ಸ್ಕ್ರಿಪ್ಟ್‌ಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಜಿಎನ್‌ಎಂನವರು ಡಿಪ್ಲೊಮಾ ಪರೀಕ್ಷಾ ಮಂಡಳಿಗೂ ಅರ್ಜಿ ಹಾಕಬೇಕು. ವಿಷಯವಾರು ಪಾಠದ ಗಂಟೆ, ವಾರ್ಡಿನ ಗಂಟೆ ಎರಡೂ ಅದರಲ್ಲಿ ನಮೂದಾಗಿವೆಯೇ ನೋಡಿ.

ಅನುಭವ ಪತ್ರ ಇದೆ. ಆದರೂ ತಿರಸ್ಕಾರವಾಗುತ್ತದೆ ಎನ್ನುತ್ತಾರೆ. ಏಕೆ?

ಕೊಲ್ಲಿ ದೇಶಗಳ ಮಂಡಳಿಗಳು ನಿಮ್ಮ ಪತ್ರವನ್ನು ಓದಿ ನಂಬುವುದಿಲ್ಲ. ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ಕಾಲೇಜು, ಕೌನ್ಸಿಲ್, ಆಸ್ಪತ್ರೆ ಮೂರನ್ನೂ ಸಂಪರ್ಕಿಸಿ ‘ಈ ಪತ್ರ ಕೊಟ್ಟವರು ನೀವೇನಾ’ ಎಂದು ಕೇಳುತ್ತವೆ. ನಮ್ಮ ಕಡೆಯ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ತೊಂದರೆ ಶುರುವಾಗುವುದು ಇಲ್ಲೇ. ಆ ಇ-ಮೇಲ್ ಅನ್ನು ಯಾರೂ ತೆರೆಯುವುದಿಲ್ಲ, ಅಥವಾ ಹಾಜರಿ ಪುಸ್ತಕ ಸಿಗುವುದಿಲ್ಲ, ಅಥವಾ ನರ್ಸಿಂಗ್ ಹೋಮೇ ಮುಚ್ಚಿರುತ್ತದೆ. ಆಗ ‘ದೃಢೀಕರಿಸಲಾಗಲಿಲ್ಲ’ ಎಂಬ ವರದಿ ಬರುತ್ತದೆ.

ಪತ್ರದಲ್ಲಿ ಇರಬೇಕಾದ್ದು: ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು, ಕೆಲಸ ಮಾಡಿದ ವಿಭಾಗ, ವಾರಕ್ಕೆ ಎಷ್ಟು ಗಂಟೆ, ಆಸ್ಪತ್ರೆಯ ಹಾಸಿಗೆ ಸಂಖ್ಯೆ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಮೊಹರು, ಕೆಲಸ ಮಾಡುವ ದೂರವಾಣಿ ಮತ್ತು ಇ-ಮೇಲ್. ‘2019ರಿಂದ 2022ರವರೆಗೆ’ ಎಂದಷ್ಟೇ ಇದ್ದರೆ ಸಾಲದು, ತಾರೀಖು ಬೇಕು. ಸಂಬಳ ಕೈಗೆ ನಗದಾಗಿ ಪಡೆದವರಿಗೆ ಆಧಾರವೇ ಇರುವುದಿಲ್ಲ. ಈಗ ಕೆಲಸದಲ್ಲಿರುವವರು ಸಂಬಳವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ, ಭವಿಷ್ಯನಿಧಿ ಖಾತೆ ಇದ್ದರೆ ಅದರ ಪ್ರತಿ ಇಟ್ಟುಕೊಳ್ಳಿ.

ಸರ್ಕಾರಿ ಆಸ್ಪತ್ರೆಯಲ್ಲಿ ಹೊರಗುತ್ತಿಗೆಯಲ್ಲಿ ಇದ್ದವರಿಗೆ ಇನ್ನೊಂದು ಗಂಟು: ದುಡಿದದ್ದು ಆಸ್ಪತ್ರೆಯಲ್ಲಿ, ಕಾಗದದ ಮೇಲೆ ಮಾಲೀಕ ಗುತ್ತಿಗೆ ಏಜೆನ್ಸಿ. ಏಜೆನ್ಸಿಯಿಂದ ನೇಮಕದ ಪತ್ರ, ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಂದ ಕರ್ತವ್ಯದ ಪತ್ರ, ಎರಡನ್ನೂ ಪಡೆಯಿರಿ. ಗುತ್ತಿಗೆ ಏಜೆನ್ಸಿ ಬದಲಾಗುವ ಮೊದಲೇ ಪಡೆಯಿರಿ. ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಯಾಗಿ ಇದ್ದವರ ಅನುಭವ ಬೆಲೆಯುಳ್ಳದ್ದೇ. ಆದರೆ ಕೊಲ್ಲಿಯ ಆಸ್ಪತ್ರೆಗಳು ಕೇಳುವುದು ವಾರ್ಡಿನ, ಐಸಿಯುನ ಅನುಭವ.

ಇಲ್ಲದ ಅನುಭವದ ಪತ್ರ ಮಾಡಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದ ನಕಲಿ ಪತ್ರ ಮಂಡಳಿಗಳ ದಾಖಲೆಯಲ್ಲಿ ಉಳಿಯುತ್ತದೆ, ಮುಂದೆ ನಿಜವಾದ ಕಾಗದ ಕೊಟ್ಟರೂ ಬಾಗಿಲು ಮುಚ್ಚಿರುತ್ತದೆ. ನಾಲ್ಕು ವರ್ಷ ಕಷ್ಟಪಟ್ಟು ಓದಿದವರ ಬದುಕು ಒಂದು ಹಾಳೆಯಿಂದ ಕೆಡುವುದನ್ನು ಕಂಡಾಗ ಕರುಳು ಕಿವುಚುತ್ತದೆ. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಮದುವೆ, ಮಗು ಎಂದು ಐದು ವರ್ಷ ಕೆಲಸ ಬಿಟ್ಟಿದ್ದೆ. ಈಗ ಸಾಧ್ಯವೇ?

ಸಾಧ್ಯ, ಆದರೆ ಮೊದಲು ಮತ್ತೆ ವಾರ್ಡಿಗೆ ಇಳಿಯಬೇಕು. ಆಸ್ಟ್ರೇಲಿಯಾ ಕಳೆದ 5 ವರ್ಷದಲ್ಲಿ 450 ಗಂಟೆ ಕೆಲಸ ಕೇಳುತ್ತದೆ. ಪೂರ್ಣಾವಧಿಯಲ್ಲಿ ಅದು ಮೂರು ತಿಂಗಳಿಗೂ ಕಡಿಮೆ. ಕೊಲ್ಲಿ ದೇಶಗಳು ಇತ್ತೀಚಿನ, ಬಿಡುವಿಲ್ಲದ ಅನುಭವವನ್ನೇ ನೋಡುತ್ತವೆ. ಸಾಮಾನ್ಯವಾಗಿ 2 ವರ್ಷ ಇಟ್ಟುಕೊಂಡರೆ ನಿಶ್ಚಿಂತೆ. ಮನೆಯಲ್ಲಿ ಹಿರಿಯರನ್ನು ನೋಡಿಕೊಂಡದ್ದು ಎಷ್ಟೇ ದೊಡ್ಡ ಸೇವೆಯಾದರೂ ಯಾವ ಮಂಡಳಿಯೂ ಅದನ್ನು ಅನುಭವವೆಂದು ಎಣಿಸುವುದಿಲ್ಲ.

ಐಇಎಲ್‌ಟಿಎಸ್ ಬರೆಯಲೋ ಒಇಟಿ ಬರೆಯಲೋ?

ಎರಡೂ ಇಂಗ್ಲಿಷ್ ಪರೀಕ್ಷೆಗಳೇ. ಐಇಎಲ್‌ಟಿಎಸ್ ಎಲ್ಲರಿಗೂ, ಒಇಟಿ ಆರೋಗ್ಯ ಕ್ಷೇತ್ರದವರಿಗೆ. ಐಇಎಲ್‌ಟಿಎಸ್‌ಗೆ ಸುಮಾರು 18,000 ರೂಪಾಯಿ. ಒಇಟಿಗೆ 587 ಆಸ್ಟ್ರೇಲಿಯನ್ ಡಾಲರ್, ಅಂದರೆ 30,000 ರೂಪಾಯಿ ದಾಟುತ್ತದೆ. ಆದರೂ ವಾರ್ಡಿನಲ್ಲಿ ದುಡಿದವರಿಗೆ ಒಇಟಿಯೇ ಸುಲಭ ಎನ್ನುವುದು ನಮ್ಮ ಅಭಿಪ್ರಾಯ. ಐಇಎಲ್‌ಟಿಎಸ್‌ನಲ್ಲಿ ನಗರ ಯೋಜನೆ, ಪ್ರಾಚೀನ ನಾಣ್ಯ, ಹವಾಮಾನ ಯಾವುದರ ಬಗ್ಗೆಯಾದರೂ ಓದಿ ಪ್ರಬಂಧ ಬರೆಯಬೇಕು. ಒಇಟಿಯಲ್ಲಿ ರೋಗಿಯ ಟಿಪ್ಪಣಿ ಕೊಟ್ಟು 180ರಿಂದ 200 ಪದಗಳ ಪತ್ರ ಬರೆಸುತ್ತಾರೆ, ಡಿಸ್ಚಾರ್ಜ್ ಅಥವಾ ರೆಫರಲ್. ಮಾತಿನ ಪರೀಕ್ಷೆಯಲ್ಲಿ ನೀವು ನರ್ಸ್, ಎದುರಿನವರು ರೋಗಿ ಅಥವಾ ಬಂಧು. ಐದೈದು ನಿಮಿಷದ ಎರಡು ಸಂಭಾಷಣೆ.

ಬ್ರಿಟನ್‌ಗೆ ಬೇಕಾದ್ದು ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಓದು, ಕೇಳುವಿಕೆ, ಮಾತು 7, ಬರವಣಿಗೆ 6.5. ಒಇಟಿಯಲ್ಲಿ ಮೊದಲ ಮೂರರಲ್ಲಿ ಬಿ ದರ್ಜೆ (350), ಬರವಣಿಗೆಯಲ್ಲಿ ಸಿ ಪ್ಲಸ್ (300). ಒಂದೇ ಬಾರಿಗೆ ಬರದಿದ್ದರೆ 12 ತಿಂಗಳ ಒಳಗಿನ ಎರಡು ಪರೀಕ್ಷೆಗಳ ಅಂಕ ಸೇರಿಸಬಹುದು. ಆದರೆ ಯಾವ ಬಾರಿಯೂ ಒಂದು ನಿಗದಿತ ಮಟ್ಟಕ್ಕಿಂತ ಕೆಳಗೆ ಬೀಳಬಾರದು: ಐಇಎಲ್‌ಟಿಎಸ್ ಆದರೆ ಮೂರರಲ್ಲಿ 6.5, ಬರವಣಿಗೆಯಲ್ಲಿ 6. ಜನರಲ್ ಟ್ರೈನಿಂಗ್ ಐಇಎಲ್‌ಟಿಎಸ್ ಬರೆದು ಬರುವವರು ಈಗಲೂ ಇದ್ದಾರೆ. ನರ್ಸಿಂಗ್ ನೋಂದಣಿಗೆ ಅದು ನಡೆಯುವುದಿಲ್ಲ.

ಬೀಳುವುದು ಎಲ್ಲಿ? ಒಇಟಿ ಓದಿನ ಮೊದಲ ಭಾಗದಲ್ಲಿ 15 ನಿಮಿಷಕ್ಕೆ 20 ಪ್ರಶ್ನೆ. ನಾಲ್ಕು ಪಠ್ಯವನ್ನೂ ಪೂರ್ತಿ ಓದಲು ಹೊರಟವರು ಅಲ್ಲೇ ಸೋಲುತ್ತಾರೆ. ಪತ್ರದಲ್ಲಿ ಟಿಪ್ಪಣಿಯಲ್ಲಿದ್ದುದನ್ನೆಲ್ಲ ತುಂಬುವುದು ಎರಡನೆಯ ತಪ್ಪು. ಓದುವವರು ವೈದ್ಯರೋ ಮನೆಗೆ ಬರುವ ನರ್ಸೋ ನೋಡಿಕೊಂಡು ಅವರಿಗೆ ಬೇಡದ್ದನ್ನು ಬಿಡುವುದಕ್ಕೇ ಅಂಕ ಇದೆ. ಮಾತಿನಲ್ಲಿ ನಮ್ಮವರು ರೋಗಿಯ ಆತಂಕ ಕೇಳದೆ ನೇರ ಸಲಹೆಗೆ ಇಳಿಯುತ್ತಾರೆ. ‘ನಿಮಗೆ ಭಯವಾಗಿರುವುದು ಸಹಜ’ ಎಂಬ ಒಂದು ವಾಕ್ಯ ಬಿಟ್ಟರೂ ಅಂಕ ಹೋಗುತ್ತದೆ.

ಬ್ರಿಟನ್‌ಗೆ ಹೋಗುವ ಹೆಜ್ಜೆಗಳು ಯಾವುವು? ಕೈಯಿಂದ ಎಷ್ಟು ಖರ್ಚು?

ಇಂಗ್ಲಿಷ್ ಅಂಕ ಬಂದ ಮೇಲೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ ಅರ್ಜಿ. ಅರ್ಹತೆ ಪರಿಶೀಲನೆಗೆ 140 ಪೌಂಡ್. ಮೊದಲ ಪರೀಕ್ಷೆ ಸಿಬಿಟಿ (ಕಂಪ್ಯೂಟರ್ ಪರೀಕ್ಷೆ), 83 ಪೌಂಡ್, ಬೆಂಗಳೂರಿನಲ್ಲೇ ಬರೆಯಬಹುದು. ಅದರಲ್ಲಿ 15 ಲೆಕ್ಕದ ಪ್ರಶ್ನೆಗೆ 30 ನಿಮಿಷ, 100 ನರ್ಸಿಂಗ್ ಪ್ರಶ್ನೆಗೆ ಎರಡೂವರೆ ಗಂಟೆ. ಲೆಕ್ಕ ಎಂದರೆ ಡೋಸ್, ಡ್ರಿಪ್ ವೇಗ, ದ್ರವದ ಒಳಹೊರ. ಆಯ್ಕೆ ಇರದೆ ಉತ್ತರವನ್ನು ಟೈಪ್ ಮಾಡಬೇಕಾದ್ದರಿಂದ ಮಿಲಿಗ್ರಾಂ, ಮೈಕ್ರೊಗ್ರಾಂ ಗೊಂದಲ ಮಾಡಿಕೊಂಡರೆ ಕೆಟ್ಟಿತು. ಪರೀಕ್ಷಾ ಕೇಂದ್ರದಲ್ಲಿ ಪಾಸ್‌ಪೋರ್ಟಿನ ಹೆಸರೂ ಬುಕಿಂಗ್‌ನ ಹೆಸರೂ ಒಂದೇ ಇರಬೇಕು. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ಹಣವೂ ಹಿಂದಿರುಗುವುದಿಲ್ಲ.

ಆಮೇಲೆ ಸಂದರ್ಶನ, ಕೆಲಸದ ಪತ್ರ, ಪ್ರಾಯೋಜಕತ್ವದ ಪ್ರಮಾಣಪತ್ರ, ಕ್ಷಯರೋಗ ತಪಾಸಣೆ, ಹೆಲ್ತ್ ಅಂಡ್ ಕೇರ್ ವೀಸಾ. ಈ ವೀಸಾದವರಿಗೆ ಅಲ್ಲಿನ ಆರೋಗ್ಯ ಸರ್ಚಾರ್ಜ್ ಇಲ್ಲ. ಅಲ್ಲಿ ಇಳಿದ ಮೇಲೆ ಎರಡನೆಯ ಪರೀಕ್ಷೆ ಆಸ್ಕಿ, 10 ಸ್ಟೇಷನ್‌ಗಳ ಪ್ರಾಯೋಗಿಕ ಪರೀಕ್ಷೆ, 794 ಪೌಂಡ್. ಕೆಲಸಕ್ಕೆ ಸೇರಿದ 12 ವಾರದೊಳಗೆ ಮೊದಲ ಪ್ರಯತ್ನ ಆಗಬೇಕು, 8 ತಿಂಗಳೊಳಗೆ ನೋಂದಣಿ ಆಗಬೇಕು. ಒಂದು ಅರ್ಜಿಯಲ್ಲಿ ಮೂರು ಪ್ರಯತ್ನ. ಉತ್ತೀರ್ಣರಾಗಿ 153 ಪೌಂಡ್ ಕಟ್ಟಿದ ಮೇಲೆ ‘ಪಿನ್’, ಅಂದರೆ ಅಲ್ಲಿನ ನೋಂದಣಿ ಸಂಖ್ಯೆ. ಪಿನ್ ಬರುವವರೆಗೆ ಅನೇಕ ಕಡೆ ಕಡಿಮೆ ದರ್ಜೆಯ ಸಂಬಳ, ಬಂದ ಮೇಲೆ ಬ್ಯಾಂಡ್ 5 (ನೋಂದಾಯಿತ ನರ್ಸಿನ ಆರಂಭಿಕ ವೇತನ ಶ್ರೇಣಿ). ಇಂಗ್ಲೆಂಡಿನಲ್ಲಿ 2025-26ಕ್ಕೆ ಅದರ ಆರಂಭ ವರ್ಷಕ್ಕೆ 31,049 ಪೌಂಡ್.

ವಿಮಾನದ ಟಿಕೆಟ್, ವೀಸಾ, ಆಸ್ಕಿ ಶುಲ್ಕವನ್ನು ಬಹುತೇಕ ಸರ್ಕಾರಿ ಆಸ್ಪತ್ರೆ ಟ್ರಸ್ಟ್‌ಗಳು ಭರಿಸುತ್ತವೆ. ಅಲ್ಲಿನ ನೀತಿಸಂಹಿತೆಯ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನರ್ಸಿನಿಂದ ಒಂದು ಪೈಸೆ ಶುಲ್ಕ ಪಡೆಯುವಂತಿಲ್ಲ. ಆದರೆ ಬೇಗ ಕೆಲಸ ಬಿಟ್ಟರೆ ಖರ್ಚು ವಾಪಸ್ ಕೇಳುವ ಷರತ್ತು ಒಪ್ಪಂದದಲ್ಲಿರುತ್ತದೆ. ಎಷ್ಟು ಮೊತ್ತ, ತಿಂಗಳು ಕಳೆದಂತೆ ಅದು ಹೇಗೆ ಇಳಿಯುತ್ತದೆ ಎಂದು ಸಹಿ ಹಾಕುವ ಮೊದಲೇ ಓದಿ.

ಒಂದು ನಿಜ ಹೇಳಲೇಬೇಕು. 2024ರ ನಂತರ ಬ್ರಿಟನ್ ವಿದೇಶದಿಂದ ನರ್ಸುಗಳನ್ನು ತೆಗೆದುಕೊಳ್ಳುವುದು ಬಹಳ ಇಳಿದಿದೆ. ಸಾಮಾನ್ಯ ವಾರ್ಡಿನ ಹುದ್ದೆ ಕಡಿಮೆ. ಆಪರೇಷನ್ ಥಿಯೇಟರ್, ಐಸಿಯು, ಡಯಾಲಿಸಿಸ್‌ನಂಥ ಕಡೆ ಅನುಭವ ಇದ್ದವರಿಗೆ ಕರೆ ಬರುವ ಸಾಧ್ಯತೆ ಹೆಚ್ಚು.

ಅಕ್ಕ ಬ್ರಿಟನ್‌ನಲ್ಲಿ ಕೇರ್ ವರ್ಕರ್ ಆಗಿದ್ದಾಳೆ, ಜಿಎನ್‌ಎಂ ಆಗಿದೆ. ನರ್ಸ್ ಆಗಬಹುದೇ?

ಆಗಬಹುದು. ಅದೇ ಸಿಬಿಟಿ, ಅದೇ ಆಸ್ಕಿ. ಅವರಿಗೆ ಒಂದು ಅನುಕೂಲವೂ ಇದೆ: ಇಂಗ್ಲಿಷ್ ಮಾಧ್ಯಮದಲ್ಲಿ ನರ್ಸಿಂಗ್ ಓದಿದವರು, ಅಥವಾ ಇಂಗ್ಲಿಷ್ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ತಪ್ಪಿಸಿಕೊಂಡವರು, ಅಲ್ಲಿ 12 ತಿಂಗಳು ಆರೋಗ್ಯ ಕ್ಷೇತ್ರದಲ್ಲಿ ದುಡಿದಿದ್ದರೆ ಉದ್ಯೋಗದಾತರ ಪೂರಕ ಪತ್ರ ಕೊಡಬಹುದು. ಅದಕ್ಕೆ ‘ಸೈಫ್’ ಎನ್ನುತ್ತಾರೆ. ಇಲ್ಲಿಂದ ಹೊಸದಾಗಿ ಕೇರ್ ವರ್ಕರ್ ಆಗಿ ಹೋಗುವ ದಾರಿ ಮಾತ್ರ 2025ರ ಜುಲೈ 22ರಿಂದ ಮುಚ್ಚಿದೆ. ಈಗಲೂ ಆ ವೀಸಾ ಮಾರುವವರಿಗೆ ಹಣ ಕೊಡಬೇಡಿ.

ದುಬೈ, ಕುವೈತ್, ಸೌದಿಗೆ ಹೋಗಲು ಇಸಿಎನ್‌ಆರ್ (ವಲಸೆ ಅನುಮತಿ ಬೇಡದ) ಪಾಸ್‌ಪೋರ್ಟ್ ಇದ್ದರೆ ಸಾಕಲ್ಲವೇ?

ಸಾಲದು. ಹತ್ತನೆಯ ತರಗತಿ ಪಾಸಾದವರಿಗೆ ವಲಸೆ ಅನುಮತಿ ಬೇಡ ಎಂಬುದು ಸಾಮಾನ್ಯ ನಿಯಮ. ನರ್ಸುಗಳಿಗೆ ಬೇರೆ ನಿಯಮ. 2015ರ ಏಪ್ರಿಲ್ 30ರಿಂದ, ವಲಸೆ ಅನುಮತಿ ಬೇಕಾದ 18 ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸು ಯಾವ ಪಾಸ್‌ಪೋರ್ಟ್ ಹಿಡಿದಿದ್ದರೂ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಆನ್‌ಲೈನ್ ವ್ಯವಸ್ಥೆಯಲ್ಲಿ ಅನುಮತಿ ಪಡೆಯಬೇಕು. ಯುಎಇ, ಸೌದಿ, ಕುವೈತ್, ಕತಾರ್, ಒಮಾನ್, ಬಹರೇನ್ ಆರೂ ಆ ಪಟ್ಟಿಯಲ್ಲಿವೆ. ನೇಮಕಾತಿಯೂ ರಾಜ್ಯ ಸರ್ಕಾರಗಳ ಸಂಸ್ಥೆಗಳು ಮತ್ತು ಕೇಂದ್ರ ಅನುಮತಿಸಿದವರ ಮೂಲಕವೇ ಆಗಬೇಕು. ಈ ನಿಯಮ ಏಕೆ ಬಂತೆಂದರೆ, ಕುವೈತ್‌ಗೆ ನರ್ಸುಗಳನ್ನು ಕಳಿಸುವ ಕೇರಳದ ಪ್ರಕರಣವೊಂದರಲ್ಲಿ 19,500 ರೂಪಾಯಿ ಪಡೆಯಬೇಕಾದಲ್ಲಿ ತಲಾ 19.5 ಲಕ್ಷ ವಸೂಲಿ ಮಾಡಿದ ಆರೋಪ ಆ ವರ್ಷ ಬಯಲಾಗಿತ್ತು. ಅಂಥ ಸುಲಿಗೆಗೆ ತಡೆ ಇದು.

ಕಾನೂನು ಪ್ರಕಾರ ನೋಂದಾಯಿತ ನೇಮಕಾತಿ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. ‘ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾಗೆ ಬದಲಿಸೋಣ’ ಎಂದರೆ ಒಪ್ಪಬೇಡಿ. ಆಗ ನೀವು ಇ-ಮೈಗ್ರೇಟ್ ದಾಖಲೆಯಲ್ಲೇ ಇರುವುದಿಲ್ಲ, ಸಂಬಳ ಸಿಗದಿದ್ದರೆ ರಾಯಭಾರ ಕಚೇರಿಗೆ ತೋರಿಸಲು ಒಪ್ಪಂದವೂ ಇರುವುದಿಲ್ಲ. ಅನುಮತಿಯ ಜೊತೆ ಪ್ರವಾಸಿ ಭಾರತೀಯ ವಿಮೆಯೂ ಬರುತ್ತದೆ: 2 ವರ್ಷಕ್ಕೆ 275, 3 ವರ್ಷಕ್ಕೆ 375 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ.

ಉಳಿದ ಹೆಜ್ಜೆಗಳು: ಡೇಟಾಫ್ಲೋ ಪರಿಶೀಲನೆ, ಆಯಾ ಮಂಡಳಿಯ ಕಂಪ್ಯೂಟರ್ ಪರೀಕ್ಷೆ (ಎಲ್ಲರೂ ‘ಪ್ರೊಮೆಟ್ರಿಕ್’ ಎಂದೇ ಕರೆಯುತ್ತಾರೆ), ಸಂದರ್ಶನ, ವಫಿದ್ (ಕೊಲ್ಲಿ ದೇಶಗಳ ವ್ಯವಸ್ಥೆ) ವೈದ್ಯಕೀಯ ತಪಾಸಣೆ, ಪ್ರಮಾಣಪತ್ರಗಳ ದೃಢೀಕರಣ. ಯುಎಇ, ಕತಾರ್, ಕುವೈತ್‌ಗೆ ಅಪೊಸ್ಟಿಲ್ (ಒಪ್ಪಂದದ ದೇಶಗಳಲ್ಲಿ ನಡೆಯುವ ಒಂದೇ ದೃಢೀಕರಣ ಮುದ್ರೆ) ನಡೆಯುವುದಿಲ್ಲ. ವಿದೇಶಾಂಗ ಸಚಿವಾಲಯದ ಮುದ್ರೆಯ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಒಮಾನ್, ಬಹರೇನ್, ಸೌದಿಗೆ ಅಪೊಸ್ಟಿಲ್ ಸಾಕು.

ಜರ್ಮನಿಗೆ ಇಂಗ್ಲಿಷ್ ಪರೀಕ್ಷೆ ಬೇಡವಂತೆ, ಸುಲಭವೇ?

ಇಂಗ್ಲಿಷ್ ಬೇಡ, ಜರ್ಮನ್ ಬೇಕು. ಎ1ರಿಂದ ಬಿ2ವರೆಗೆ ದಿನವಿಡೀ ಕಲಿತರೂ 8ರಿಂದ 12 ತಿಂಗಳು. ವಾರಾಂತ್ಯದ ತರಗತಿಗೆ ಹೋಗಿ ಕಲಿಯುವ ಭಾಷೆ ಇದಲ್ಲ. ಪ್ರಮಾಣಪತ್ರ ಗೋಥೆ, ಟೆಲ್ಕ್, ಒಎಸ್‌ಡಿಯಂಥ ಮಾನ್ಯತೆ ಇರುವ ಸಂಸ್ಥೆಯದಾಗಿರಲಿ. ಕೋಚಿಂಗ್ ಸೆಂಟರ್ ತಾನೇ ಅಚ್ಚು ಹಾಕಿ ಕೊಡುವ ಪತ್ರಕ್ಕೆ ವೀಸಾ ಕಚೇರಿಯಲ್ಲಿ ಬೆಲೆಯಿಲ್ಲ.

ನಿಮ್ಮ ಪಠ್ಯಕ್ರಮವನ್ನು ಅಲ್ಲಿನ ರಾಜ್ಯದ ಕಚೇರಿ ಹೋಲಿಸಿ ಕೊರತೆಯ ಪತ್ರ ಕೊಡುತ್ತದೆ. ಆ ಪತ್ರ ಕಂಡು ಗಾಬರಿಯಾಗಬೇಡಿ, ಭಾರತದ ನರ್ಸುಗಳಿಗೆ ಬಹುತೇಕ ಅದೇ ಬರುವುದು. ಅಲ್ಲಿ ಹೋಗಿ ಹೊಂದಾಣಿಕೆ ತರಬೇತಿ ಮುಗಿಸಬೇಕು ಅಥವಾ ಜ್ಞಾನಪರೀಕ್ಷೆ ಬರೆಯಬೇಕು. ಅದುವರೆಗೆ ಸಹಾಯಕರ ಸಂಬಳ. ಮಾನ್ಯತೆ ಸಿಕ್ಕ ಮೇಲೆ ಹಿರಿಯರ ಶುಶ್ರೂಷಾ ವಲಯದ ಕನಿಷ್ಠ ವೇತನ, 2025ರ ಜುಲೈನಿಂದ, ಗಂಟೆಗೆ 20.50 ಯೂರೊ. ಏಜೆನ್ಸಿ ಆರಿಸುವಾಗ ಜರ್ಮನಿ ಸರ್ಕಾರದ ‘ನ್ಯಾಯಯುತ ನೇಮಕಾತಿ’ ಮುದ್ರೆ ಅದಕ್ಕಿದೆಯೇ ನೋಡಿ. ಆ ಮುದ್ರೆ ಇರುವವರು ನರ್ಸಿನಿಂದ ಹಣ ಪಡೆಯುವಂತಿಲ್ಲ.

ಐರ್ಲೆಂಡ್, ಆಸ್ಟ್ರೇಲಿಯಾ?

ಐರ್ಲೆಂಡಿನ ಮಂಡಳಿ 350 ಯೂರೊ ಪಡೆದು ಕಡತ ನೋಡಿ ನಿರ್ಧಾರ ಪತ್ರ ಕೊಡುತ್ತದೆ. ಆಮೇಲೆ ಆಸ್ಪತ್ರೆಯಲ್ಲಿ ಹೊಂದಾಣಿಕೆ ಅವಧಿ ಅಥವಾ ಡಬ್ಲಿನ್‌ನಲ್ಲಿ ಯೋಗ್ಯತಾ ಪರೀಕ್ಷೆ, ಎರಡರಲ್ಲಿ ಒಂದು. ಆಸ್ಟ್ರೇಲಿಯಾದಲ್ಲಿ ಭಾರತದ ಓದು ಮಾತ್ರ ಇರುವವರು ಎನ್‌ಸಿಎಲ್‌ಇಎಕ್ಸ್-ಆರ್‌ಎನ್ ಎಂಬ ನರ್ಸಿಂಗ್ ಪರವಾನಗಿ ಪರೀಕ್ಷೆ ಪಾಸಾಗಿ, ಅಡಿಲೇಡ್‌ನಲ್ಲಿ 4,000 ಆಸ್ಟ್ರೇಲಿಯನ್ ಡಾಲರ್‌ನ ಆಸ್ಕಿ ಬರೆಯಬೇಕು. ಆ ಪರೀಕ್ಷೆಗೆ ಹೋಗಿಬರುವ ಖರ್ಚು ಸಾಮಾನ್ಯವಾಗಿ ಕೈಯಿಂದಲೇ.

ಅಮೆರಿಕಕ್ಕೆ ಎಷ್ಟು ಕಾಲ ಬೇಕು?

ಪರೀಕ್ಷೆಗೆ ಒಂದು ವರ್ಷ, ವೀಸಾಗೆ ಹಲವು ವರ್ಷ. ಓದಿನ ಮೌಲ್ಯಮಾಪನ (ಟ್ರೂಮೆರಿಟ್ ಎಂದು ಹೆಸರು ಬದಲಿಸಿಕೊಂಡ ಸಿಜಿಎಫ್‌ಎನ್‌ಎಸ್), ಒಂದು ರಾಜ್ಯದ ಮಂಡಳಿಗೆ ಅರ್ಜಿ, ಆಮೇಲೆ ಎನ್‌ಸಿಎಲ್‌ಇಎಕ್ಸ್: 5 ಗಂಟೆ, ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ಶುಲ್ಕ 200 ಡಾಲರ್, ದೇಶದ ಹೊರಗೆ ಬರೆದರೆ ಇನ್ನೂ 150. ಇಷ್ಟೆಲ್ಲ ಆದರೂ ಇಬಿ-3 ಎಂಬ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ವರ್ಗದಲ್ಲಿ ಭಾರತದಲ್ಲಿ ಹುಟ್ಟಿದವರ ಸಾಲು ಒಂದು ದಶಕಕ್ಕೂ ಉದ್ದ. ‘18 ತಿಂಗಳಲ್ಲಿ ಗ್ರೀನ್ ಕಾರ್ಡ್’ ಎಂಬ ಮಾತು ಭಾರತೀಯರಿಗೆ ಅನ್ವಯವಾಗುವುದಿಲ್ಲ. ಉದ್ಯೋಗದಾತರು ಅರ್ಜಿ ಹಾಕಿದ ದಿನವೇ ನಿಮ್ಮ ಸರದಿಯ ದಿನಾಂಕವಾಗುವುದರಿಂದ ಸಾಲಿನಲ್ಲಿ ಹೆಸರು ಹಾಕಿಸಿ, ಮಧ್ಯದ ವರ್ಷಗಳನ್ನು ಬೇರೆ ದೇಶದಲ್ಲಿ ದುಡಿಯುವುದು ಅನೇಕರು ಹಿಡಿಯುವ ದಾರಿ.

ಹಿಂದೆ ಟಿ.ಬಿ. ಬಂದು ಗುಣವಾಗಿದೆ. ವೈದ್ಯಕೀಯ ತಪಾಸಣೆಯಲ್ಲಿ ತೊಂದರೆಯೇ?

ಕೊಲ್ಲಿ ದೇಶಗಳಿಗೆ ಹೌದು. ಎದೆಯ ಎಕ್ಸ್-ರೇಯಲ್ಲಿ ಹಳೆಯ ಕಲೆ ಕಂಡರೂ ‘ಅನರ್ಹ’ ಎನ್ನುತ್ತಾರೆ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಇದ್ದರೂ ಹಾಗೆಯೇ. ಅದಕ್ಕೇ ಪರಿಶೀಲನೆಗೆ, ಪರೀಕ್ಷೆಗೆ ಹಣ ಸುರಿಯುವ ಮೊದಲು ಮಡಿಕೇರಿಯಲ್ಲೋ ಮೈಸೂರಿನಲ್ಲೋ ಒಂದು ಎಕ್ಸ್-ರೇ, ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಬ್ರಿಟನ್‌ನ ತಪಾಸಣೆ ನೋಡುವುದು ಈಗ ಸಕ್ರಿಯ ಕ್ಷಯ ಇದೆಯೇ ಎಂಬುದನ್ನು. ಕಲೆ ಇದ್ದರೆ ಕಫ ಪರೀಕ್ಷೆ ಹೆಚ್ಚುವರಿಯಾಗಿ ಆಗುತ್ತದೆ, ಫಲಿತಾಂಶಕ್ಕೆ ಸುಮಾರು ಎರಡು ತಿಂಗಳು ಕಾಯಬೇಕು. ಹಳೆಯ ಚಿಕಿತ್ಸೆಯ ಕಾಗದ ಜೋಪಾನವಾಗಿಡಿ.

2018ರ ಭೂಕುಸಿತದಲ್ಲಿ ಪ್ರಮಾಣಪತ್ರಗಳೆಲ್ಲ ಹೋದವು. ಈಗ ಹೇಗೆ?

ನಕಲು ಪ್ರತಿ ಸಿಗುತ್ತದೆ, ತಾಳ್ಮೆ ಬೇಕು. ಮೊದಲು ಪೊಲೀಸ್ ಠಾಣೆಯಲ್ಲಿ ದೂರಿನ ಸ್ವೀಕೃತಿ, ಆಮೇಲೆ ನೋಟರಿ ಅಫಿಡವಿಟ್. ಆಗಿನ ಹಾನಿಯ ಪಟ್ಟಿಯಲ್ಲಿ ಮನೆ ಇದ್ದರೆ ತಹಶೀಲ್ದಾರರ ಪತ್ರವೂ ಸೇರಲಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಪ್ರತಿ ಮೊದಲು, ನರ್ಸಿಂಗ್ ಅಂಕಪಟ್ಟಿ ನಂತರ, ಕೌನ್ಸಿಲ್ ನೋಂದಣಿಯ ಪ್ರತಿ ಕೊನೆಗೆ. ಒಂದೊಂದಕ್ಕೂ ಹಿಂದಿನದು ಆಧಾರ. ಕಾಗದ ಕೈಯಲ್ಲಿರುವವರು ಈಗಲೇ ಎಲ್ಲವನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಡಿಜಿಲಾಕರ್‌ನಲ್ಲೂ ಇ-ಮೇಲ್‌ನಲ್ಲೂ ಇಡಿ. ಮಳೆಗಾಲದಲ್ಲಿ ಮೂಲಪ್ರತಿಗಳು ಗೋಡೆಯ ಕಪಾಟಿನಲ್ಲಿ ಬೂಸ್ಟು ಹಿಡಿದು ಮೊಹರು ಅಳಿಸಿಹೋಗುತ್ತವೆ. ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ, ಅದರ ಮೇಲೆ ದೃಢೀಕರಣದ ಮುದ್ರೆ ಹಾಕಲಾಗುವುದಿಲ್ಲ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಪೊಟ್ಟಣದೊಂದಿಗೆ ಇಡಿ.

ಪರೀಕ್ಷೆಗೆ ಯಾವ ತಿಂಗಳು ಒಳ್ಳೆಯದು?

ಜೂನ್‌ನಿಂದ ಆಗಸ್ಟ್ ತನಕ ಬೇಡ. ಕಕ್ಕಡದ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಿ ಮನೆಯಲ್ಲಿ ಕುಳಿತು ಆನ್‌ಲೈನ್ ಪರೀಕ್ಷೆ ಬರೆಯಲಾಗದು. ಸಂಪಾಜೆ, ಮಾಕುಟ್ಟ ಘಾಟಿಗಳಲ್ಲಿ ಮಣ್ಣು ಕುಸಿದರೆ ಮಂಗಳೂರು, ಕಣ್ಣೂರು ಎರಡೂ ದೂರ. ಆ ತಿಂಗಳಲ್ಲೇ ಬರೆಯಬೇಕಾಗಿ ಬಂದರೆ ಹಿಂದಿನ ದಿನವೇ ಹೊರಟು ಅಲ್ಲಿ ಉಳಿಯಿರಿ. ವಿಮಾನಕ್ಕೂ ಇದೇ ಮಾತು. ವಿರಾಜಪೇಟೆ ಕಡೆಯವರಿಗೆ ಕಣ್ಣೂರು ವಿಮಾನ ನಿಲ್ದಾಣ 60 ಕಿಲೋಮೀಟರಿನ ಆಸುಪಾಸಿನಲ್ಲಿದ್ದರೂ ಮಳೆಗಾಲದಲ್ಲಿ ಆ ದಾರಿಯನ್ನು ಗಂಟೆ ಲೆಕ್ಕದಲ್ಲಿ ನಂಬಬೇಡಿ.

ಏಜೆಂಟ್ 6 ಲಕ್ಷ ಕೇಳುತ್ತಿದ್ದಾರೆ. ತೋಟ ಅಡವಿಟ್ಟು ಕೊಡಬಹುದೇ?

ಕೊಡಬೇಡಿ. ಮೇಲೆ ಹೇಳಿದ ಶುಲ್ಕಗಳನ್ನೇ ಕೂಡಿ ನೋಡಿ. ಬ್ರಿಟನ್‌ಗೆ ಇಲ್ಲಿಂದ ಹೊರಡುವ ತನಕ ನಿಮ್ಮ ಕೈಯಿಂದ ನ್ಯಾಯವಾಗಿ ಆಗುವ ಖರ್ಚು ಕೋಚಿಂಗ್ ಬಿಟ್ಟರೆ ಒಂದು ಲಕ್ಷದ ಆಸುಪಾಸು. ಆರು ಲಕ್ಷದಲ್ಲಿ ಉಳಿದದ್ದು ಯಾವುದಕ್ಕೆಂದು ಬರವಣಿಗೆಯಲ್ಲಿ ಕೇಳಿ, ಉತ್ತರ ಬರುವುದಿಲ್ಲ. ಜಮ್ಮಾ ಜಾಗಕ್ಕೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಬ್ಯಾಂಕು ಸುಲಭವಾಗಿ ಸಾಲ ಕೊಡುವುದಿಲ್ಲ. ಆರ್‌ಟಿಸಿಯಲ್ಲಿ ಪಟ್ಟೆದಾರರ ಜೊತೆ ಒಕ್ಕದವರೆಲ್ಲರ ಹೆಸರಿರುತ್ತದೆ. ಹಾಗಾಗಿ ಜನ ಖಾಸಗಿ ಬಡ್ಡಿಗೆ ಬೀಳುತ್ತಾರೆ, ಅಥವಾ ಮುಂದಿನ ಕೊಯ್ಲಿನ ಕಾಫಿಯನ್ನು ಮುಂಗಡಕ್ಕೆ ಮಾರುತ್ತಾರೆ. ಮಗಳ ಮೊದಲ ಎರಡು ವರ್ಷದ ಸಂಬಳ ಆ ಬಡ್ಡಿಗೇ ಹೋಗುತ್ತದೆ.

ಪರೀಕ್ಷಿಸುವ ಬಗೆ: ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ಪಟ್ಟಿ ಇದೆ. ಪರವಾನಗಿ ಸಂಖ್ಯೆ, ಕಚೇರಿ ವಿಳಾಸ, ಅವಧಿ ಮೂರೂ ತಾಳೆಯಾಗಬೇಕು. ‘ನಾವು ಬೆಂಗಳೂರಿನ ಕಂಪನಿಯ ಇಲ್ಲಿನ ಪ್ರತಿನಿಧಿ’ ಎನ್ನುವ ಉಪ ಏಜೆಂಟರಿಗೆ 1983ರ ವಲಸೆ ಕಾಯ್ದೆಯಲ್ಲಿ ಜಾಗವೇ ಇಲ್ಲ. ಪಾಸ್‌ಪೋರ್ಟ್ ಯಾರ ಬಳಿಯೂ ಬಿಡಬೇಡಿ. ಮೋಸವಾಗಿದ್ದರೆ ಸ್ಥಳೀಯ ಪೊಲೀಸರ ಜೊತೆ ಬೆಂಗಳೂರಿನ ವಲಸಿಗರ ಸಂರಕ್ಷಕರ ಕಚೇರಿಗೂ ದೂರು ಕೊಡಿ. ವಿದೇಶಾಂಗ ಸಚಿವಾಲಯದ ಉಚಿತ ಸಹಾಯವಾಣಿ 1800 11 3090. ವಿದೇಶದಲ್ಲಿ ಸಿಕ್ಕಿಕೊಂಡವರು ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಹಳೆಯ ಆಸ್ಪತ್ರೆ ಬಾಂಡ್ ಎಂದು ಮೂಲ ಪ್ರಮಾಣಪತ್ರ ಹಿಡಿದಿಟ್ಟುಕೊಂಡಿದೆ.

ಲಿಖಿತವಾಗಿ, ದಿನಾಂಕ ಹಾಕಿ, ಸ್ವೀಕೃತಿಯೊಂದಿಗೆ ವಾಪಸ್ ಕೇಳಿ. ಬಗ್ಗದಿದ್ದರೆ ನೋಂದಾಯಿತ ಅಂಚೆಯಲ್ಲಿ ವಕೀಲರ ನೋಟಿಸ್. ಬಹುತೇಕ ಅಲ್ಲಿಗೇ ಕಾಗದ ಕೈಸೇರುತ್ತದೆ. ಬಾಂಡಿನ ಹಣದ ತಕರಾರು ಇದ್ದರೆ ಅದನ್ನು ಬೇರೆಯಾಗಿ ತೀರಿಸಿಕೊಳ್ಳಬೇಕು. ಅದಕ್ಕಾಗಿ ನಿಮ್ಮ ಪದವಿಯನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ.

ಕೆಲವು ವರ್ಷ ದುಡಿದು ಊರಿಗೆ ಮರಳಿದರೆ ಇಲ್ಲಿ ಕೆಲಸ ಸಿಗುತ್ತದೆಯೇ?

ವಿದೇಶದಲ್ಲಿದ್ದಾಗಲೂ ಕರ್ನಾಟಕ ಕೌನ್ಸಿಲ್‌ನ ನೋಂದಣಿಯನ್ನು ನವೀಕರಿಸುತ್ತಾ ಇರಿ, ಇಲ್ಲಿ ಕೆಲಸ ಮಾಡಲು ಅದೇ ಬೇಕು. ಬ್ರಿಟನ್‌ನ ಪಿನ್ ಆಗಲಿ, ಸೌದಿಯ ಲೈಸೆನ್ಸ್ ಆಗಲಿ ಇಲ್ಲಿ ನಡೆಯುವುದಿಲ್ಲ. ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಗೆ ವಯೋಮಿತಿ ಇದೆ, ಮರಳುವ ವರ್ಷವನ್ನು ಅದಕ್ಕೆ ತಕ್ಕಂತೆ ನೋಡಿಕೊಳ್ಳಿ. ಹೊರಡುವಾಗ ಅಲ್ಲಿನ ಆಸ್ಪತ್ರೆಯಿಂದ ಅನುಭವ ಪತ್ರ, ಅಲ್ಲಿನ ಮಂಡಳಿಯಿಂದ ಗುಡ್ ಸ್ಟ್ಯಾಂಡಿಂಗ್ ಪತ್ರ, ವಾಸದ ಅವಧಿಯ ಪೊಲೀಸ್ ಪತ್ರ ಮೂರನ್ನೂ ಕೈಯಲ್ಲಿ ಹಿಡಿದೇ ವಿಮಾನ ಹತ್ತಿ. ಮಡಿಕೇರಿಯಲ್ಲಿ ಕುಳಿತು ರಿಯಾದ್‌ನಿಂದ ಒಂದು ಮೊಹರು ತರಿಸುವುದಕ್ಕಿಂತ ಅಲ್ಲಿರುವಾಗ ಎರಡು ದಿನ ಓಡಾಡುವುದು ಸುಲಭ.